ಸೀರೆಯ ಬಣ್ಣ ಫೋನಿಗೆ ಬಂದಾಗ ಯಾಕೆ ಬದಲಾಗುತ್ತದೆ? ಬೆಳಕಿನಿಂದ ಪ್ರಿಂಟ್‌ವರೆಗೆ ಬಣ್ಣ ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮ ಅತ್ತಿಗೆ ಮನೆಯಿಂದಲೇ ಸೀರೆ ಮಾರುತ್ತಾರೆ. ಚಿಕ್ಕಪೇಟೆಯಿಂದ ಸೀರೆ ತರುತ್ತಾರೆ, ಮನೆಯಲ್ಲೇ ಫೋಟೋ ತೆಗೆಯುತ್ತಾರೆ, ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಕಳೆದ ವರ್ಷ ಒಂದು ನವಿಲುಗರಿ ಬಣ್ಣದ ರೇಷ್ಮೆ ಸೀರೆ ಹುಬ್ಬಳ್ಳಿಗೆ ಹೋಗಿ ವಾಪಸ್ ಬಂತು. "ಫೋಟೋದಾಗ ನೀಲಿ ಇತ್ರಿ, ಬಂದದ್ದು ಹಸಿರು ಐತ್ರಿ" ಅಂತ ಆ ಕಡೆಯವರು ಹೇಳಿದರು. "ನಾನು ಸುಳ್ಳು ಹೇಳಿಲ್ಲ ಕಣೋ, ನೀನೇ ನೋಡು" ಅಂತ ಅತ್ತಿಗೆ ಸೀರೆಯನ್ನೂ ಫೋನನ್ನೂ ಪಕ್ಕಪಕ್ಕ ಹಿಡಿದರು. ನಿಜ ಹೇಳಬೇಕೆಂದರೆ ಇಬ್ಬರ ಮಾತೂ ಸರಿಯಾಗಿತ್ತು. ನಡುವೆ ಇದ್ದ ಯಂತ್ರಗಳು ಬಣ್ಣವನ್ನು ಒಂದೊಂದು ಕಡೆ ಸ್ವಲ್ಪ ಸ್ವಲ್ಪ ಬದಲಾಯಿಸಿದ್ದವು.

ನಾನು ಹಲವು ವರ್ಷಗಳಿಂದ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಆ ದಿನ ಅತ್ತಿಗೆಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಮೊದಲಿನಿಂದ ಬರೆಯುತ್ತೇನೆ. ಸೀರೆ ಮಾರುವವರಿಗೆ ಮಾತ್ರ ಅಲ್ಲ, ಪೋಸ್ಟರ್ ಮಾಡುವವರಿಗೆ, ಲಗ್ನಪತ್ರಿಕೆ ಮಾಡಿಸುವವರಿಗೆ, ವಿಡಿಯೋಗೆ ಥಂಬ್‌ನೇಲ್ ಮಾಡುವವರಿಗೂ ಇದು ಬೇಕಾಗುತ್ತದೆ. ಒಂದು ಮಾತು ಮೊದಲೇ ನೆನಪಿಟ್ಟುಕೊಳ್ಳಿ: ಫೋಟೋ ಫೈಲಿನ ಒಳಗೆ ಇರುವುದು ಬರೀ ಸಂಖ್ಯೆ. ಆ ಸಂಖ್ಯೆಯನ್ನು ಹೇಗೆ ಓದಬೇಕು ಅಂತ ಯಾರಾದರೂ ಹೇಳಬೇಕು. ಯಾರೂ ಹೇಳದಿದ್ದರೆ ಪ್ರತಿ ಯಂತ್ರವೂ ತನಗೆ ತೋಚಿದ ಹಾಗೆ ಓದುತ್ತದೆ.

ಹೆಜ್ಜೆ 1: ಒಂದು ಹನಿ ನೀರಿನಿಂದ ಶುರು ಮಾಡಿ

ಫೋನಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಬೆರಳ ತುದಿಯಿಂದ ಒಂದು ಸಣ್ಣ ಹನಿ ನೀರು ಪರದೆ ಮೇಲೆ ಇಡಿ. ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ, ಹತ್ತಿರದಿಂದ ನೋಡಿದರೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ಬಿಳಿ ಅನ್ನುವುದು ಅಲ್ಲಿ ಎಲ್ಲೂ ಇಲ್ಲ. ಈಗ ಒಂದು ಹಳದಿ ಚಿತ್ರ ತೆರೆದು ನೋಡಿ. ಹಳದಿ ಚುಕ್ಕೆಯೂ ಇಲ್ಲ, ಕೆಂಪು ಹಸಿರು ಎರಡೇ ಉರಿಯುತ್ತಿರುತ್ತವೆ.

ಇಷ್ಟಕ್ಕೇ ಕಣ್ಣು ಯಾಕೆ ಒಪ್ಪಿಕೊಳ್ಳುತ್ತದೆ ಅಂದರೆ, ಬಣ್ಣ ನೋಡುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರೇ ಬಗೆ. ಒಂದು ಬಗೆ ಉದ್ದನೆಯ ಬೆಳಕಿನ ಅಲೆಗಳಿಗೆ ಜಾಸ್ತಿ ಸ್ಪಂದಿಸುತ್ತದೆ, ಒಂದು ನಡುವಿನ ಅಲೆಗಳಿಗೆ, ಇನ್ನೊಂದು ಗಿಡ್ಡ ಅಲೆಗಳಿಗೆ. ಅರಿಶಿನದ ಪುಡಿಯಿಂದ ಬರುವ ಬೆಳಕಿನಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ಎಲ್ಲ ಅಲೆಗಳೂ ಸೇರಿರುತ್ತವೆ. ಪರದೆಯಿಂದ ಬರುವುದು ಕೆಂಪು ಮತ್ತು ಹಸಿರಿನ ಎರಡು ಗುಂಪು ಮಾತ್ರ. ಆದರೂ ಮೂರು ಬಗೆಯ ಕೋಶಗಳಿಗೆ ಸಿಗುವ ಲೆಕ್ಕ ಒಂದೇ ಆದರೆ ಮಿದುಳಿಗೆ ಎರಡೂ ಒಂದೇ ಹಳದಿ.

ಇದರ ಇನ್ನೊಂದು ಮುಖ ನಿಮಗೆ ಆಗಲೇ ಗೊತ್ತಿದೆ. ಚಿಕ್ಕಪೇಟೆಯಲ್ಲಿ ಬ್ಲೌಸ್ ಪೀಸ್ ಮ್ಯಾಚ್ ಮಾಡುವಾಗ ನಮ್ಮಮ್ಮ ಅಂಗಡಿಯ ಬೆಳಕನ್ನು ನಂಬುತ್ತಿರಲಿಲ್ಲ. ಸೀರೆ, ಪೀಸ್ ಎರಡನ್ನೂ ಬಾಗಿಲ ಹೊರಗೆ ತಂದು ಬಿಸಿಲಿಗೆ ಹಿಡಿಯುತ್ತಿದ್ದರು. ಒಳಗೆ ಒಂದೇ ಥರ ಕಂಡಿದ್ದು ಹೊರಗೆ ಬೇರೆಬೇರೆ ಕಾಣುತ್ತಿತ್ತು. ಎರಡು ಬಟ್ಟೆಗಳ ಡೈ ಬೇರೆ, ಒಂದು ಬೆಳಕಿನಲ್ಲಿ ಅವು ಕಣ್ಣಿಗೆ ಒಂದೇ ಲೆಕ್ಕ ಕೊಡುತ್ತವೆ, ಇನ್ನೊಂದು ಬೆಳಕಿನಲ್ಲಿ ಕೊಡುವುದಿಲ್ಲ. ಹಾಗಾಗಿ "ಈ ಬಟ್ಟೆಯ ಬಣ್ಣ ಇಂಥದ್ದು" ಅಂತ ಹೇಳುವಾಗ "ಈ ಬೆಳಕಿನಲ್ಲಿ" ಅನ್ನುವುದೂ ಸೇರಿಯೇ ಇರುತ್ತದೆ.

ಮೂರು ಬಣ್ಣದ ಬೆಳಕಿನಿಂದ ಬಣ್ಣದ ಫೋಟೋ ಮಾಡಬಹುದು ಅಂತ ಮೊದಲು ತೋರಿಸಿದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, 1861ರಲ್ಲಿ, ಲಂಡನ್ನಿನಲ್ಲಿ. ಅವರು ಆರಿಸಿಕೊಂಡಿದ್ದು ಒಂದು ಬಟ್ಟೆ, ಚೌಕುಳಿ ರಿಬ್ಬನ್. ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಮೂರು ಫೋಟೋ ತೆಗೆಸಿ, ಅದೇ ಬಣ್ಣಗಳ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿದರು. ಆಗಿನ ಫೋಟೋ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ, ಆದರೂ ಕೆಂಪು ಬಂದಿತ್ತು. ಅದು ಹೇಗೆ ಅಂತ ಗೊತ್ತಾಗಿದ್ದು ನೂರು ವರ್ಷದ ನಂತರ, 1961ರಲ್ಲಿ: ರಿಬ್ಬನ್ನಿನ ಕೆಂಪು ಭಾಗ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನೂ ಪ್ರತಿಫಲಿಸುತ್ತಿತ್ತು, ಪ್ಲೇಟು ಹಿಡಿದಿದ್ದು ಅದನ್ನು. ಬಟ್ಟೆಯ ಬಣ್ಣವನ್ನು ನಾವು ನೋಡುವ ರೀತಿಯೇ ಬೇರೆ, ಕ್ಯಾಮೆರಾ ನೋಡುವ ರೀತಿಯೇ ಬೇರೆ. ಮೊದಲ ಬಣ್ಣದ ಫೋಟೋದಿಂದಲೂ ಹೀಗೇ.

ಹೆಜ್ಜೆ 2: ಬೆಳಕು ಸರಿಮಾಡಿ

ನನ್ನ ಅನುಭವದಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ಇಲ್ಲೇ ಆಗುತ್ತದೆ. ಆಮೇಲೆ ಎಡಿಟ್ ಮಾಡುತ್ತೇನೆ ಅಂತ ಇದನ್ನು ಬಿಡಬೇಡಿ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಮನೆಯ ದೀಪ ಆರಿಸಿ. ಕಿಟಕಿಯ ಬೆಳಕು ಒಂದನ್ನೇ ಬಳಸಿ. ಎರಡೂ ಸೇರಿದರೆ ಸೀರೆಯ ಒಂದು ಮಗ್ಗುಲು ಹಳದಿ, ಇನ್ನೊಂದು ಮಗ್ಗುಲು ನೀಲಿ ಆಗುತ್ತದೆ, ಅದನ್ನು ಸರಿಪಡಿಸುವುದು ಬಹಳ ಕಷ್ಟ. ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಸಂಖ್ಯೆ ಕಡಿಮೆ ಇದ್ದಷ್ಟು ಬೆಳಕು ಹಳದಿ, ಜಾಸ್ತಿ ಇದ್ದಷ್ಟು ನೀಲಿ. ಹಳೆಯ ಬಲ್ಬು ಸುಮಾರು 2700, ನಡುಹಗಲ ಬಿಸಿಲು ಸುಮಾರು 5500, ಮೋಡದ ದಿನ ಸುಮಾರು 6500. ನೆರಳಿನಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿಗೆ ಬರುವುದು ನೀಲಿ ಆಕಾಶದ ಬೆಳಕು.

ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ, ಅಲ್ಲೇ ಫೋಟೋ ತೆಗೆಯಿರಿ ಅಂತ ವಿದೇಶಿ ಫೋಟೋ ಪಾಠಗಳಲ್ಲಿ ಕೇಳಿರಬಹುದು. ಬೆಂಗಳೂರಿಗೆ ಅದು ವರ್ಷಪೂರ್ತಿ ಹೊಂದುವುದಿಲ್ಲ. ನಾವು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24-25ರ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಎಲ್ಲರೂ ಕಂಬ ನೆಟ್ಟು ನೋಡುತ್ತಾರಲ್ಲ, ಅದೇ ದಿನ. ಅಲ್ಲಿಂದ ಆಗಸ್ಟ್ 18ರ ಆಸುಪಾಸಿನವರೆಗೆ ನಡುಹಗಲ ಸೂರ್ಯ ಕೂಡ ನಮಗೆ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿ ಒಳ್ಳೆಯದು, ಉಳಿದ ಕಾಲದಲ್ಲಿ ಉತ್ತರದ್ದು. ಎಲ್ಲಕ್ಕಿಂತ ಒಳ್ಳೆಯದು ಮಳೆಗಾಲದ ತೆಳು ಮೋಡದ ದಿನ. ಆಕಾಶವೇ ಒಂದು ದೊಡ್ಡ ಬಿಳಿ ದೀಪ ಆಗಿಬಿಡುತ್ತದೆ, ರೇಷ್ಮೆಯ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ.

ಈಗ ಸುತ್ತ ಏನಿದೆ ನೋಡಿ. ಅತ್ತಿಗೆಯ ಮನೆ ಹಳೆಯದು, ನೆಲಕ್ಕೆ ಕೆಂಪು ರೆಡ್ ಆಕ್ಸೈಡ್. ನೆಲದ ಮೇಲೆ ಬಿದ್ದ ಬೆಳಕು ಕೆಂಪಾಗಿ ಮೇಲೆ ಪುಟಿದು ಸೀರೆಗೆ ತಾಗುತ್ತದೆ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿತ್ತು, ಅವರು ನೀಲಿ ಟಾರ್ಪಾಲ್ ಕಟ್ಟಿದ್ದರು, ಅದರ ಬೆಳಕು ಕಿಟಕಿಯಿಂದ ಬರುತ್ತಿತ್ತು. ನವಿಲುಗರಿ ಸೀರೆ ನೀಲಿಗೆ ತಿರುಗಿದ್ದರಲ್ಲಿ ಆ ಟಾರ್ಪಾಲಿನ ಪಾಲು ದೊಡ್ಡದು. ಕೆಳಗೆ ಒಂದು ಬಿಳಿ ಪಂಚೆ ಹಾಸಿ, ಕಿಟಕಿಯ ಕೆಳಭಾಗಕ್ಕೆ ಇನ್ನೊಂದು ಬಿಳಿ ಬಟ್ಟೆ ಕಟ್ಟಿದ್ದೇ ತಡ, ಅರ್ಧ ಸಮಸ್ಯೆ ಹೋಯಿತು. ನೀವು ಹಾಕಿಕೊಂಡಿರುವ ಬಟ್ಟೆಯ ಬಣ್ಣವೂ ಸೀರೆಗೆ ತಾಗುತ್ತದೆ, ಬಿಳಿ ಅಥವಾ ಬೂದು ಶರ್ಟ್ ಹಾಕಿಕೊಳ್ಳಿ.

ರಾತ್ರಿಯೇ ತೆಗೆಯಬೇಕಾದರೆ ಎಲ್‌ಇಡಿ ದೀಪದ ಡಬ್ಬಿಯ ಮೇಲೆ ಸಿಆರ್‌ಐ ಎಷ್ಟು ಅಂತ ನೋಡಿ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ ಅದು, 100ಕ್ಕೆ. ಸಾಮಾನ್ಯ ದೀಪಗಳು 80ರ ಆಸುಪಾಸು, ಅಂಥ ದೀಪದಲ್ಲಿ ಕಡು ಕೆಂಪು ಸಪ್ಪೆಯಾಗುತ್ತದೆ. 90ಕ್ಕಿಂತ ಜಾಸ್ತಿ ಇರುವುದನ್ನೇ ಕೇಳಿ ತನ್ನಿ.

ಹೆಜ್ಜೆ 3: ಕ್ಯಾಮೆರಾಕ್ಕೆ ಬಿಳಿ ಯಾವುದು ಅಂತ ತೋರಿಸಿ

ನಮ್ಮ ಮಿದುಳು ಬೆಳಕಿನ ಬಣ್ಣವನ್ನು ತಾನಾಗಿಯೇ ಕಳೆದು ನೋಡುತ್ತದೆ. ಹಳದಿ ಬಲ್ಬಿನ ಕೆಳಗೂ ಅನ್ನ ಬಿಳಿಯಾಗಿಯೇ ಕಾಣುತ್ತದೆ ಅಲ್ವಾ? 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೋ ಜಗತ್ತಿಡೀ ಓಡಾಡಿತು, ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನ. ಫೋಟೋದಲ್ಲಿ ಬೆಳಕು ಎಂಥದ್ದು ಅಂತ ಸುಳಿವು ಇರಲಿಲ್ಲ, ಒಬ್ಬೊಬ್ಬರ ಮಿದುಳು ಒಂದೊಂದು ಊಹೆ ಮಾಡಿತ್ತು. ನಿಜವಾದ ಉಡುಪು ನೀಲಿ-ಕಪ್ಪು.

ಕ್ಯಾಮೆರಾ ಕೂಡ ಊಹೆಯನ್ನೇ ಮಾಡುತ್ತದೆ, ಅದಕ್ಕೆ ಆಟೋ ವೈಟ್ ಬ್ಯಾಲೆನ್ಸ್ ಅಂತಾರೆ. ಚೌಕಟ್ಟು ತುಂಬ ಒಂದೇ ಬಣ್ಣದ ಸೀರೆ ಇದ್ದರೆ ಅದು ಮೋಸಹೋಗುತ್ತದೆ. ಇಷ್ಟೊಂದು ಕೆಂಪು ಇದೆಯಲ್ಲ, ಬೆಳಕೇ ಕೆಂಪಿರಬೇಕು ಅಂದುಕೊಂಡು ಕೆಂಪನ್ನು ಕಡಿಮೆ ಮಾಡುತ್ತದೆ. ಪರಿಹಾರ ಸುಲಭ. ಸೀರೆಯ ಪಕ್ಕದಲ್ಲಿ ಬಣ್ಣವಿಲ್ಲದ ಒಂದು ವಸ್ತು ಇಟ್ಟು ಮೊದಲ ಫೋಟೋ ತೆಗೆಯಿರಿ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ಗ್ರೇ ಕಾರ್ಡ್ ಇದಕ್ಕೇ ಇರುವುದು. ಎ4 ಹಾಳೆ ಮಾತ್ರ ಬೇಡ, ಬೆಳ್ಳಗೆ ಕಾಣಲಿ ಅಂತ ಅದಕ್ಕೆ ಹಾಕುವ ರಾಸಾಯನಿಕ ಬಿಸಿಲಿನಲ್ಲಿ ನೀಲಿ ಹೊಮ್ಮಿಸುತ್ತದೆ. ಗ್ರೇ ಕಾರ್ಡ್ ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ತಂದು, ಒಂದು ರಟ್ಟಿಗೆ ಹತ್ತಾರು ಪದರ ಸುತ್ತಿ. ಟೆಫ್ಲಾನ್ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುತ್ತದೆ, ಪ್ರಯೋಗಾಲಯಗಳಲ್ಲಿ ಬಿಳಿಯ ಮಾದರಿಯಾಗಿ ಬಳಸುವುದೂ ಅದೇ ಜಾತಿಯ ವಸ್ತುವನ್ನು.

ಫೋನ್ ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸನ್ನು ಒಂದು ಸಂಖ್ಯೆಗೆ ನಿಲ್ಲಿಸಿ. ಮೋಡದ ದಿನ 6500ರಿಂದ ಶುರು ಮಾಡಬಹುದು. ಬ್ಯೂಟಿ, ಫಿಲ್ಟರ್, ಎಐ ಎಲ್ಲ ಆಫ್ ಮಾಡಿ.

ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಎಷ್ಟು ಬೆಳಕು ಒಳಗೆ ಬಿಡುತ್ತದೆ ಅನ್ನುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ಕಡು ಕೆಂಪು ಅಥವಾ ರಾಣಿ ಪಿಂಕ್ ಸೀರೆಯಲ್ಲಿ ಮಡಿಕೆಗಳೇ ಕಾಣದೆ ಬಣ್ಣ ಬಳಿದ ಹಾಗೆ ಫೋಟೋ ಬರುತ್ತದಲ್ಲ, ಅದು ಕೆಂಪು ಚಾನೆಲ್ (ಫೋಟೋದಲ್ಲಿ ಕೆಂಪಿನ ಸಂಖ್ಯೆ) ತುಂಬಿ ಹರಿದಿರುವುದು. ಹಸಿರು, ನೀಲಿ ಇನ್ನೂ ಕೆಳಗಿದ್ದರೂ ಕೆಂಪು ತನ್ನ ಮಿತಿ ಮುಟ್ಟಿಬಿಟ್ಟಿರುತ್ತದೆ. ಎಕ್ಸ್‌ಪೋಷರನ್ನು ಮೈನಸ್ 0.7ರಷ್ಟು ಇಳಿಸಿ ತೆಗೆಯಿರಿ. ಫೋಟೋ ಸ್ವಲ್ಪ ಕತ್ತಲೆ ಕಂಡರೂ ಪರವಾಗಿಲ್ಲ, ಕತ್ತಲೆಯನ್ನು ಆಮೇಲೆ ಎತ್ತಬಹುದು, ತುಂಬಿ ಹರಿದಿದ್ದನ್ನು ಇಳಿಸಲು ಆಗುವುದಿಲ್ಲ.

ಇನ್ನು ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್. ಅದರ ಒಂದೊಂದು ಚುಕ್ಕೆಯೂ ಒಂದೇ ಬಣ್ಣ ನೋಡುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇವತ್ತಿಗೂ ಬಹುತೇಕ ಕ್ಯಾಮೆರಾಗಳಲ್ಲಿದೆ: ನಾಲ್ಕು ಚುಕ್ಕೆಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದಿದ್ದನ್ನು ಅಕ್ಕಪಕ್ಕದ ಚುಕ್ಕೆ ನೋಡಿ ಲೆಕ್ಕ ಹಾಕುತ್ತದೆ. ಸಣ್ಣ ಜರಿ ಬುಟ್ಟಾಗಳ ಮೇಲೆ ಇಲ್ಲದ ಬಣ್ಣದ ಗೆರೆ ಕಂಡರೆ ಕಾರಣ ಈ ಲೆಕ್ಕವೇ. ಒಂದು ಹೆಜ್ಜೆ ಹಿಂದೆ ಅಥವಾ ಮುಂದೆ ಸರಿದು ಇನ್ನೊಂದು ಫೋಟೋ ತೆಗೆಯಿರಿ.

ಹೆಜ್ಜೆ 4: ಸಂಖ್ಯೆಗಳ ಲೆಕ್ಕ

ಕೆಂಪು, ಹಸಿರು, ನೀಲಿ, ಪ್ರತಿಯೊಂದಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲು. 256ನ್ನು ಮೂರು ಸಲ ಗುಣಿಸಿದರೆ 1,67,77,216. ಒಂದೂ ಮುಕ್ಕಾಲು ಕೋಟಿಗೆ ಸ್ವಲ್ಪ ಕಡಿಮೆ. ಮೂರೂ 255 ಆದರೆ ಬಿಳಿ, ಮೂರೂ 0 ಆದರೆ ಕಪ್ಪು, ಮೂರೂ ಒಂದೇ ಆದರೆ ಬೂದು. 255, 255, 0 ಅಂದರೆ ಹಳದಿ.

ಇಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. 128 ಅಂದರೆ 255ರ ಅರ್ಧ, ಹಾಗಾಗಿ ಅರ್ಧ ಬೆಳಕು ಅಂದುಕೊಳ್ಳುತ್ತಾರೆ. ನಿಜವಾಗಿ 128ಕ್ಕೆ ಪರದೆ ಕೊಡುವ ಬೆಳಕು ಸುಮಾರು ಶೇಕಡಾ 22 ಮಾತ್ರ. ಅರ್ಧ ಬೆಳಕು ಬೇಕಾದರೆ 188 ಬರೆಯಬೇಕು. ನಮ್ಮ ಕಣ್ಣಿಗೆ ಕತ್ತಲೆಯ ಕಡೆಯ ಸಣ್ಣ ವ್ಯತ್ಯಾಸಗಳು ಚೆನ್ನಾಗಿ ಗೊತ್ತಾಗುತ್ತವೆ, ಅದಕ್ಕೇ ಇರುವ 256 ಮೆಟ್ಟಿಲಲ್ಲಿ ಜಾಸ್ತಿ ಮೆಟ್ಟಿಲುಗಳನ್ನು ಆ ಕಡೆಗೆ ಕೊಟ್ಟಿದ್ದಾರೆ. ಇದನ್ನು ಗಾಮಾ ಅಂತಾರೆ.

ಪೋಸ್ಟರಿನಲ್ಲಿ ಕೆಂಪಿನಿಂದ ಹಸಿರಿಗೆ ಗ್ರೇಡಿಯಂಟ್ ಹಾಕಿ ನೋಡಿ, ನಡುವೆ ಕೊಳಕು ಕಂದು ಪಟ್ಟಿ ಬರುತ್ತದೆ. ಸಾಫ್ಟ್‌ವೇರ್ ಸಂಖ್ಯೆಗಳ ಸರಾಸರಿ ತೆಗೆದು 128, 128, 0 ಮಾಡಿರುತ್ತದೆ. ಬೆಳಕನ್ನೇ ಸರಿಯಾಗಿ ಬೆರೆಸಿದ್ದರೆ 188, 188, 0 ಆಗಬೇಕಿತ್ತು. ಸುಲಭದ ದಾರಿ ಅಂದರೆ ನಡುವೆ ನೀವೇ ಒಂದು ಹಳದಿ ಬಿಂದು ಸೇರಿಸುವುದು. ನಾನು ಯಾವಾಗಲೂ ಹಾಗೇ ಮಾಡುತ್ತೇನೆ.

ಹೆಜ್ಜೆ 5: ಪ್ರೊಫೈಲ್, ಅಂದರೆ ಸಂಖ್ಯೆಯ ಭಾಷೆ

ಇದೇ ಇಡೀ ವಿಷಯದ ಜೀವ. 255, 0, 0 ಅಂದರೆ ಕೆಂಪು, ಸರಿ. ಯಾವ ಕೆಂಪು? ಸುಮ್ನೆ "ಕೆಂಪು ಪೂರ್ತಿ" ಅಂದರೆ ನಿಮ್ಮ ಪರದೆಯ ಕೆಂಪೇ ಬೇರೆ, ನನ್ನ ಪರದೆಯ ಕೆಂಪೇ ಬೇರೆ. ಅದಕ್ಕೇ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಅನ್ನುವ ಒಪ್ಪಂದ ಮುಂದಿಟ್ಟರು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡ ಆಯಿತು. ಕೆಂಪು ಅಂದರೆ ಇಷ್ಟು, ಹಸಿರು ಅಂದರೆ ಇಷ್ಟು, ಬಿಳಿ ಅಂದರೆ ಸುಮಾರು 6500 ಕೆಲ್ವಿನ್ನಿನ ಹಗಲು ಬೆಳಕು ಅಂತ ಅದು ಹೇಳುತ್ತದೆ. ವೆಬ್‌ನ ಬಹುಪಾಲು ಇವತ್ತಿಗೂ ನಡೆಯುವುದು ಇದರ ಮೇಲೆ.

ಎಸ್‌ಆರ್‌ಜಿಬಿಯ ಒಳಗೆ ಎಲ್ಲ ಬಣ್ಣವೂ ಹಿಡಿಯುವುದಿಲ್ಲ. ಕಣ್ಣು ನೋಡಬಲ್ಲ ಬಣ್ಣಗಳ ನಕ್ಷೆಯನ್ನು 1931ರಲ್ಲಿ ಬೆಳಕು-ಬಣ್ಣದ ಅಳತೆಗಳನ್ನು ನಿಗದಿಮಾಡುವ ಸಿಐಇ ಸಂಸ್ಥೆ ಮಾಡಿತು, ಆ ನಕ್ಷೆಯಲ್ಲಿ ಎಸ್‌ಆರ್‌ಜಿಬಿ ಮುಚ್ಚುವುದು ಮೂರನೇ ಒಂದು ಭಾಗದಷ್ಟು. ಅದು ಬಹಳ ಸೋಲುವುದು ಎಲ್ಲಿ ಗೊತ್ತಾ? ಹಸಿರು ಮತ್ತು ನೀಲಿಯ ನಡುವಿನ ಗಾಢ ಬಣ್ಣಗಳಲ್ಲಿ. ಅಂದರೆ ಸರಿಯಾಗಿ ನಮ್ಮ ನವಿಲುಗರಿ ಬಣ್ಣದಲ್ಲಿ! ಒಳಗೆ ಹಿಡಿಯದ ಬಣ್ಣವನ್ನು ಯಂತ್ರ ಹತ್ತಿರದ ಇನ್ನೊಂದು ಬಣ್ಣಕ್ಕೆ ತಳ್ಳುತ್ತದೆ. ಅತ್ತಿಗೆಯ ಸೀರೆ ಹೀಗೂ ಸ್ವಲ್ಪ ಕಳೆದುಕೊಂಡಿತ್ತು.

ಈಗಿನ ಫೋನುಗಳಲ್ಲಿ ಇನ್ನೂ ದೊಡ್ಡ ಜಾಗ ಇದೆ, ಡಿಸ್‌ಪ್ಲೇ ಪಿ3 ಅಂತ. ಐಫೋನ್ 2016ರ 7ನೇ ಮಾದರಿಯಿಂದ ಫೋಟೋಗಳನ್ನು ಇದರಲ್ಲೇ ಉಳಿಸುತ್ತದೆ. ಎಸ್‌ಆರ್‌ಜಿಬಿಯ 255, 0, 0 ಅನ್ನುವ ಅದೇ ಕೆಂಪನ್ನು ಪಿ3 ಭಾಷೆಯಲ್ಲಿ ಬರೆದರೆ ಸುಮಾರು 234, 51, 35. ಬಣ್ಣ ಒಂದೇ, ಸಂಖ್ಯೆ ಬೇರೆ. ಪಿ3 ಫೋಟೋದಿಂದ ಯಾರಾದರೂ ಪ್ರೊಫೈಲ್ (ಇದು ಯಾವ ಭಾಷೆ ಅಂತ ಹೇಳುವ ಚೀಟಿ) ಕಿತ್ತುಹಾಕಿದರೆ ಮುಂದಿನ ಯಂತ್ರ 234, 51, 35ನ್ನು ಎಸ್‌ಆರ್‌ಜಿಬಿ ಅಂತ ಓದುತ್ತದೆ, ಸೀರೆ ಸಪ್ಪೆಯಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ: ಹೊರಗೆ ಕಳಿಸುವ ಕೊನೆಯ ಫೈಲನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲನ್ನು ಫೈಲಿನೊಳಗೆ ಸೇರಿಸಿ ಉಳಿಸಿ. ಫೋಟೋಶಾಪ್‌, ಗಿಂಪ್ ಎರಡರಲ್ಲೂ "ಕನ್ವರ್ಟ್" ಮತ್ತು "ಅಸೈನ್" ಅಂತ ಎರಡು ಆಯ್ಕೆ ಇವೆ. ಕನ್ವರ್ಟ್ ಅಂದರೆ ಬಣ್ಣ ಹಾಗೇ ಇಟ್ಟು ಸಂಖ್ಯೆ ಬದಲಾಯಿಸುವುದು, ಅನುವಾದ ಮಾಡಿದ ಹಾಗೆ. ಅಸೈನ್ ಅಂದರೆ ಸಂಖ್ಯೆ ಹಾಗೇ ಇಟ್ಟು ಇದು ಬೇರೆ ಭಾಷೆ ಅಂತ ಹೆಸರು ಬದಲಾಯಿಸುವುದು. ನಿಮಗೆ ಬೇಕಾದ್ದು ಹೆಚ್ಚಿನ ಸಲ ಕನ್ವರ್ಟ್. ಇವೆರಡನ್ನು ಅದಲುಬದಲು ಮಾಡಿ ಒಂದು ಇಡೀ ಆಲ್ಬಮ್ ಹಾಳಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೆಜ್ಜೆ 6: ನಿಮ್ಮ ಪರದೆಯನ್ನು ನಂಬುವ ಹಾಗೆ ಮಾಡಿ

ರಾತ್ರಿ ಹಳದಿಯಾಗುವ ನೈಟ್ ಲೈಟ್ ಆಫ್ ಮಾಡಿ. ಐಫೋನಿನಲ್ಲಿ ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣ ಬದಲಾಯಿಸುವ ಟ್ರೂ ಟೋನ್ ಆಫ್ ಮಾಡಿ. ಆಂಡ್ರಾಯ್ಡ್ ಫೋನಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕ್ರೀನ್ ಮೋಡ್ ವಿವಿಡ್ ಇದ್ದರೆ ನ್ಯಾಚುರಲ್‌ಗೆ ತನ್ನಿ. ವಿವಿಡ್ ಬಣ್ಣಗಳನ್ನು ಬೇಕಂತಲೇ ಎಳೆದು ಜೋರು ಮಾಡುತ್ತದೆ, ಅದನ್ನು ನೋಡಿಕೊಂಡು ಎಡಿಟ್ ಮಾಡಿದರೆ ಬೇರೆಯವರ ಫೋನಿನಲ್ಲಿ ಸಪ್ಪೆ ಕಾಣುತ್ತದೆ.

ಕಂಪ್ಯೂಟರ್ ಮಾನಿಟರ್ ಇದ್ದರೆ 6500 ಕೆಲ್ವಿನ್, ಗಾಮಾ 2.2ಕ್ಕೆ ಹೊಂದಿಸಿ. ಹೊಳಪು ಎಷ್ಟಿರಬೇಕು ಅಂತ ತಿಳಿಯಲು ಕೋಣೆಯ ಬೆಳಕಿನಲ್ಲಿ ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯ ಬಿಳಿ ದೀಪದ ಹಾಗೆ ಉರಿಯಬಾರದು, ಹಾಳೆಯ ಹಾಗೆ ಕಾಣಬೇಕು. ಬಣ್ಣವೇ ನಿಮ್ಮ ಹೊಟ್ಟೆಪಾಡಾದರೆ ಪರದೆಗೆ ಅಂಟಿಸಿ ಅಳೆಯುವ ಕ್ಯಾಲಿಬ್ರೇಟರ್ ಒಂದನ್ನು ಕೊಂಡುಕೊಳ್ಳಿ, ಇಬ್ಬರು ಮೂವರು ಸೇರಿ ಕೊಂಡರೂ ಆಗುತ್ತದೆ, ದಿನಾ ಬೇಕಾಗುವ ವಸ್ತು ಅಲ್ಲ.

ಹೆಜ್ಜೆ 7: ಎಡಿಟ್ ಮಾಡುವ ಕ್ರಮ

ಮೊದಲು ವೈಟ್ ಬ್ಯಾಲೆನ್ಸ್. ಫೋಟೋ ಎಡಿಟ್ ಮಾಡುವ ಆ್ಯಪ್ ಆದ ಸ್ನ್ಯಾಪ್‌ಸೀಡ್‌ನಲ್ಲಿ ವೈಟ್ ಬ್ಯಾಲೆನ್ಸ್ ತೆರೆದು ಡ್ರಾಪರ್ ಹಿಡಿದು ಬೂದು ಕಾರ್ಡಿನ ಮೇಲೆ ಇಡಿ, ಒಂದೇ ಸಲಕ್ಕೆ ಬಣ್ಣ ಜಾಗಕ್ಕೆ ಬರುತ್ತದೆ. ಅದೇ ಹೊಂದಿಕೆಯನ್ನು ಆ ಬೆಳಕಿನಲ್ಲಿ ತೆಗೆದ ಎಲ್ಲ ಫೋಟೋಗಳಿಗೂ ಹಾಕಿ. ಆಮೇಲೆ ಹೊಳಪು. ಬಣ್ಣವನ್ನು ಗಾಢ ಮಾಡುವ ಸ್ಯಾಚುರೇಷನ್ ಮುಟ್ಟಲೇಬೇಡಿ ಅಂತ ಅತ್ತಿಗೆಗೆ ಹೇಳಿದ್ದೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಅದು ಎಲ್ಲ ಬಣ್ಣವನ್ನೂ ಅಂಚಿಗೆ ತಳ್ಳುತ್ತದೆ, ಗಿಳಿಹಸಿರೂ ಎಲೆಹಸಿರೂ ಒಂದೇ ಆಗಿಬಿಡುತ್ತವೆ.

ಎಡಿಟ್ ಮಾಡುವಾಗ ಸೀರೆ ಪಕ್ಕದಲ್ಲೇ ಇರಲಿ, ಕಿಟಕಿಯ ಬೆಳಕಿನಲ್ಲಿ. ನೆನಪಿನಿಂದ ಮಾಡಬೇಡಿ. ಬಣ್ಣದ ನೆನಪು ಬಹಳ ಬೇಗ ಜಾರುತ್ತದೆ, ಅದೂ ಯಾವಾಗಲೂ ಜೋರಿನ ಕಡೆಗೇ ಜಾರುತ್ತದೆ ಅಂತ ನನಗೆ ಅನ್ನಿಸಿದೆ.

ಎರಡು ಎಳೆ ರೇಷ್ಮೆ, ಉದ್ದದ ಎಳೆಗೆ (ಹಾಸು) ಒಂದು ಬಣ್ಣ, ಅಡ್ಡದ ಎಳೆಗೆ (ಹೊಕ್ಕು) ಇನ್ನೊಂದು, ಇಂಥ ಡಬಲ್ ಶೇಡ್ ಸೀರೆಗೆ ಒಂದು ಫೋಟೋ ಸಾಲದು. ಆ ಕಡೆ ತಿರುಗಿಸಿದರೆ ನೀಲಿ, ಈ ಕಡೆ ತಿರುಗಿಸಿದರೆ ಹಸಿರು. ಹುಬ್ಬಳ್ಳಿಗೆ ಹೋದ ಸೀರೆ ಕೂಡ ಇಂಥದ್ದೇ. ಈಗ ಅತ್ತಿಗೆ ಐದು ಸೆಕೆಂಡಿನ ವಿಡಿಯೋ ತೆಗೆಯುತ್ತಾರೆ, ಸೆರಗನ್ನು ನಿಧಾನವಾಗಿ ತಿರುಗಿಸುತ್ತಾ.

ಹೆಜ್ಜೆ 8: ಕಳಿಸುವಾಗ

ಜೆಪೆಗ್ ಫೈಲು ಚಿಕ್ಕದಾಗಲು ಒಂದು ಉಪಾಯ ಮಾಡುತ್ತದೆ. ಕಣ್ಣಿಗೆ ಬೆಳಕು-ಕತ್ತಲೆಯ ಅಂಚು ಚೆನ್ನಾಗಿ ಗೊತ್ತಾಗುತ್ತದೆ, ಬಣ್ಣದ ಅಂಚು ಅಷ್ಟು ಗೊತ್ತಾಗುವುದಿಲ್ಲ. ಹಾಗಾಗಿ ಬೆಳಕನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಹೆಚ್ಚಾಗಿ ನಾಲ್ಕು ಚುಕ್ಕೆಗೆ ಒಂದರಂತೆ ಮಾತ್ರ ಉಳಿಸುತ್ತದೆ. ಫೋಟೋಗೆ ಇದು ಪರವಾಗಿಲ್ಲ. ಆದರೆ ಕೆಂಪು ಕನ್ನಡ ಅಕ್ಷರಕ್ಕೆ ಕಷ್ಟ. ನಮ್ಮ ಒತ್ತಕ್ಷರಗಳ ಸಣ್ಣ ಸುಳಿಗಳು ಕಲಸಿಹೋಗುತ್ತವೆ, "ಸ್ತ್ರೀ", "ರಾಷ್ಟ್ರ" ಥರದ ಪದಗಳಲ್ಲಿ ಕೂಡಲೇ ಕಾಣುತ್ತದೆ. ಅಕ್ಷರ ಇರುವ ಚಿತ್ರವನ್ನು ಪಿಎನ್‌ಜಿಯಲ್ಲಿ ಉಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಮತ್ತೆ ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ.

ಹೆಜ್ಜೆ 9: ಬಣ್ಣದ ಮೇಲೆ ಅಕ್ಷರ

ನವೆಂಬರ್ ಬಂತೆಂದರೆ ಊರೆಲ್ಲ ಹಳದಿ-ಕೆಂಪು ಪೋಸ್ಟರ್. ನೋಡಲು ಸಂತೋಷವಾಗುತ್ತದೆ. ಆದರೆ ಸಣ್ಣ ಅಕ್ಷರ ಓದಲು ಕಷ್ಟ, ಯಾಕೆ ಅಂತ ಲೆಕ್ಕ ಹಾಕಬಹುದು. ಮೂರು ಬಣ್ಣಗಳ ಬೆಳಕು ಕಣ್ಣಿಗೆ ಸಮನಾಗಿ ಕಾಣುವುದಿಲ್ಲ. ಬಿಳಿಯ ಹೊಳಪನ್ನು 100 ಅಂದುಕೊಂಡರೆ ಅದರಲ್ಲಿ ಹಸಿರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು ಬರೀ 7. ವೆಬ್‌ನಲ್ಲಿ ಎಲ್ಲರಿಗೂ ಓದಲು ಆಗಬೇಕು ಅಂತ ಇರುವ ಡಬ್ಲ್ಯುಸಿಎಜಿ ನಿಯಮದ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಪೂರ್ತಿ ಹಳದಿಯ ಮೇಲೆ ಪೂರ್ತಿ ಕೆಂಪು ಇಟ್ಟರೆ ಸುಮಾರು 3.7. ತಲೆಬರಹಕ್ಕೆ ಸಾಕು, ಕೆಳಗಿನ ವಿಳಾಸಕ್ಕೆ ಸಾಲದು. ಕೆಂಪನ್ನು 180, 0, 0ಕ್ಕೆ ಇಳಿಸಿದರೆ 6.6 ದಾಟುತ್ತದೆ. ಕುಂಕುಮದ ಬಣ್ಣವೇ ಆಗಿರುತ್ತದೆ, ಓದಲೂ ಬರುತ್ತದೆ. ಬಿಳಿಯ ಮೇಲೆ ಹಳದಿ ಅಕ್ಷರ ಮಾತ್ರ ಯಾವತ್ತೂ ಬೇಡ, ಅಲ್ಲಿ ವ್ಯತ್ಯಾಸ 1.1ನ್ನೂ ಮುಟ್ಟುವುದಿಲ್ಲ.

ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದವರೂ ನಮ್ಮ ನಡುವೆ ಇದ್ದಾರೆ. ಆ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡಸರಲ್ಲಿ ಇದು ಬಹಳ ಜಾಸ್ತಿ. ಮೆಟ್ರೋದಲ್ಲಿ ನೇರಳೆ ಮಾರ್ಗ, ಹಸಿರು ಮಾರ್ಗ, 2025ರಲ್ಲಿ ಶುರುವಾದ ಹಳದಿ ಮಾರ್ಗ ಅಂತ ಬಣ್ಣದ ಹೆಸರನ್ನೇ ಹೇಳುತ್ತೇವೆ, ಆ ಹೆಸರು ಅಕ್ಷರದಲ್ಲೂ ಇದ್ದರೆ ಮಾತ್ರ ಅವರಿಗೆ ದಾರಿ ಗೊತ್ತಾಗುತ್ತದೆ. ನೀವೂ ಸ್ಟಾಕ್ ಪಟ್ಟಿಯಲ್ಲಿ ಬರೀ ಹಸಿರು ಚುಕ್ಕೆ, ಕೆಂಪು ಚುಕ್ಕೆ ಇಡಬೇಡಿ. "ಇದೆ", "ಮುಗಿದಿದೆ" ಅಂತ ಬರೆಯಿರಿ.

ಹೆಜ್ಜೆ 10: ಪ್ರಿಂಟ್‌ಗೆ ಕೊಡುವಾಗ

ಪರದೆ ಬೆಳಕು ಕೂಡಿಸುತ್ತದೆ, ಇಂಕು ಬೆಳಕು ಕಳೆಯುತ್ತದೆ. ಬಿಳಿ ಕಾಗದದ ಮೇಲೆ ಸಯಾನ್, ಮಜೆಂಟಾ, ಹಳದಿ, ಕಪ್ಪು, ಈ ನಾಲ್ಕರಲ್ಲೇ ಎಲ್ಲ ಆಗಬೇಕು. ನನ್ನ ತಂಗಿಯ ಮದುವೆಗೆ ನಾನೇ ಲಗ್ನಪತ್ರಿಕೆ ಮಾಡಿದ್ದೆ, ಪರದೆಯಲ್ಲಿ 0, 0, 255ರ ಹೊಳೆಯುವ ನೀಲಿ. ಸುಲ್ತಾನ್‌ಪೇಟೆ ಕಡೆಯ ಒಂದು ಪ್ರೆಸ್ಸಿನವರು ಏನೂ ಹೇಳದೆ ಹಾಗೇ ಹಾಕಿಬಿಟ್ಟರು. 500 ಕಾರ್ಡೂ ಮಂಕು ನೇರಳೆಯಾಗಿ ಬಂದವು. ಇವತ್ತಿಗೂ ಬೇಜಾರಿದೆ. ಆ ನೀಲಿ ನಾಲ್ಕು ಇಂಕಿನಲ್ಲಿ ಹುಟ್ಟುವುದೇ ಇಲ್ಲ, ಸಯಾನಿಗೆ ಮಜೆಂಟಾ ಜಾಸ್ತಿ ಬಿದ್ದರೆ ನೇರಳೆಯೇ ಆಗುವುದು. ಮಜೆಂಟಾವನ್ನು ಇಳಿಸಿ ಕೊಟ್ಟಿದ್ದರೆ ನೀಲಿ ಉಳಿಯುತ್ತಿತ್ತು. ಗಿಳಿಹಸಿರು, ಮಿಂಚುವ ಕಿತ್ತಳೆ, ಇವೂ ಹೀಗೇ ಸಪ್ಪೆಯಾಗುತ್ತವೆ.

ಹಾಗಾಗಿ ಪ್ರೆಸ್ಸಿನವರ ಹತ್ತಿರ ಮೊದಲೇ ಕೇಳಿ: ಯಾವ ಕಾಗದ, ಯಾವ ಪ್ರೊಫೈಲ್. ನುಣುಪಾದ ಆರ್ಟ್ ಪೇಪರಿನ ಮೇಲೆ ಬರುವ ಬಣ್ಣ ಸಾದಾ ಮ್ಯಾಪ್‌ಲಿಥೋ ಕಾಗದದ ಮೇಲೆ ಬರುವುದಿಲ್ಲ, ಅದು ಇಂಕು ಕುಡಿದುಬಿಡುತ್ತದೆ. ಆ ಪ್ರೊಫೈಲ್ ಹಾಕಿ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆ ಅಂತ ಪರದೆಯಲ್ಲಿ ತೋರಿಸುವ ನೋಟ) ನೋಡಿ, ಪರದೆಯಲ್ಲೇ ಸಪ್ಪೆಯಾಗುವುದು ಗೊತ್ತಾಗುತ್ತದೆ. ಸಣ್ಣ ಅಕ್ಷರಗಳನ್ನು ಕಪ್ಪು ಇಂಕು ಒಂದರಲ್ಲೇ ಶೇಕಡಾ 100 ಹಾಕಿಸಿ. ನಾಲ್ಕೂ ಇಂಕು ಸೇರಿಸಿದ ಕಪ್ಪಾದರೆ ಪ್ಲೇಟು ಕೂದಲೆಳೆ ಜರುಗಿದರೂ ಒತ್ತಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ. ಚಿನ್ನದ ಬಣ್ಣ ಬೇಕಾದರೆ ಫಾಯಿಲ್ ಅಂತಲೇ ಹೇಳಿ, ನಾಲ್ಕು ಇಂಕಿನಲ್ಲಿ ಬರುವುದು ಸಾಸಿವೆ ಬಣ್ಣ. ಪೂರ್ತಿ ಹಾಕಿಸುವ ಮುಂಚೆ ಅದೇ ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ, ಬಾಗಿಲ ಹೊರಗೆ ಹಗಲು ಬೆಳಕಿನಲ್ಲಿ ನೋಡಿ.

ಹೆಜ್ಜೆ 11: ಬಣ್ಣವನ್ನು ಬಾಯಲ್ಲೂ ಹೇಳಿ

ಇಷ್ಟೆಲ್ಲ ಮಾಡಿದ ಮೇಲೂ ಆ ಕಡೆಯವರ ಫೋನ್ ನಿಮ್ಮ ಕೈಯಲ್ಲಿಲ್ಲ. ಅವರು ವಿವಿಡ್ ಇಟ್ಟಿರಬಹುದು, ರಾತ್ರಿ ಹಳದಿ ಪರದೆಯಲ್ಲಿ ನೋಡುತ್ತಿರಬಹುದು. ಅದಕ್ಕೇ ಫೋಟೋ ಕೆಳಗೆ ಎರಡು ಸಾಲು ಬರೆಯಿರಿ. ಈರುಳ್ಳಿ ಸಿಪ್ಪೆ ಬಣ್ಣ, ಬದನೆಕಾಯಿ ಬಣ್ಣ, ಕಾಫಿಪುಡಿ ಬಣ್ಣ, ಮಾವಿನಹಣ್ಣಿನ ಹಳದಿ, ಇಟ್ಟಿಗೆ ಕೆಂಪು ಅಂದರೆ ನೋಡುವವರ ಅಡುಗೆಮನೆಯಲ್ಲೇ, ಬೀದಿಯಲ್ಲೇ ಮಾದರಿ ಇರುತ್ತದೆ, ಯಾವ ಪರದೆಯೂ ಅದನ್ನು ಕೆಡಿಸಲಾರದು. ಜೊತೆಗೆ ಆ ಬಣ್ಣ ಯಾವ ಕಡೆಗೆ ವಾಲುತ್ತದೆ ಅಂತಲೂ ಹೇಳಿ.

ವಾಪಸ್ ಬಂದ ಆ ಸೀರೆಗೆ ಅತ್ತಿಗೆ ಹೊಸದಾಗಿ ಫೋಟೋ ತೆಗೆದರು, ಪಂಚೆ ಹಾಸಿ, ದೀಪ ಆರಿಸಿ, ಟೇಪ್ ಸುತ್ತಿದ ರಟ್ಟು ಇಟ್ಟು. ಕೆಳಗೆ ಬರೆದರು: "ನವಿಲುಗರಿ ಬಣ್ಣ, ಹಸಿರಿನ ಕಡೆ ಜಾಸ್ತಿ, ಬಿಸಿಲಲ್ಲಿ ತಿರುಗಿಸಿದರೆ ಮಾತ್ರ ನೀಲಿ ಕಾಣುತ್ತೆ. ವಿಡಿಯೋ ನೋಡಿ." ಎರಡನೇ ದಿನ ಮೈಸೂರಿನವರೊಬ್ಬರು ತೆಗೆದುಕೊಂಡರು. ಆ ಸೀರೆ ಈಗ ಅಲ್ಲೇ ಇದೆ.